ಒಬ್ಬನ ಜೋಡಿ ಜಗಳ

ಅವರು ಕುಳಿತು ಚಹಾ ಕುಡಿದದ್ದನ್ನು ನಾನು ಕಂಡವಳಲ್ಲ. ಆಸ್ಪತ್ರೆಯ ಪ್ಯಾಂಟ್ರಿಯಲ್ಲಿ ಕುರ್ಚಿಗಳೆಲ್ಲ ಖಾಲಿ ಇದ್ದರೂ ಕಿಟಕಿಯ ಹತ್ತಿರ ನಿಂತೇ ಕುಡಿಯುತ್ತಿದ್ದರು. ಒಂದು ಕೈಯಲ್ಲಿ ಕಪ್ಪು, ಇನ್ನೊಂದು ಕೈ ಸೊಂಟದ ಮೇಲೆ. ಎರಡು ಗುಟುಕಿನ ನಡುವೆ ಬಾಗಿಲ ತನಕ ಹೋಗಿ ಕಾರಿಡಾರಿನಲ್ಲಿ ಇಣುಕಿ ಬರುವುದು ಬೇರೆ. "ಕೂಡ್ರಿ ಬಾಯಿ" ಅಂದರೆ, "ಕೂತ್ರ ವಿಚಾರನೂ ಕೂತಬಿಡ್ತಾವ" ಅನ್ನುತ್ತಿದ್ದರು.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬದುಕಿದ್ದಾಗ ದುಬೈಯಲ್ಲಿ ಅವರು ಅರ್ಧ ಹೆಸರಿನಲ್ಲೇ ಕಾಲ ಕಳೆದರು. 'ಕರ್' ಎಂದು ಮುಗಿಯುವ ಅಡ್ಡಹೆಸರು ಮಾತ್ರ ಬ್ಯಾಡ್ಜಿನ ಮೇಲೆ ಇತ್ತು. ಮೊದಲಿನ ಹೆಸರಿಗೆ ಒಂದೇ ಒಂದು ಅಕ್ಷರ. ಸತ್ತ ಮೇಲೆ ನಾನು ಅದನ್ನು ಪೂರ್ತಿ ಮಾಡುವುದು ಸರಿಯಲ್ಲ. ಮುಂಬೈ ಕಡೆಯ ಮರಾಠಿ ಹೆಂಗಸು ಎಂದು ಎಲ್ಲರೂ ತಿಳಿದಿದ್ದರು. ನರ್ಸುಗಳು 'ಮೇಟ್ರನ್' ಅನ್ನುತ್ತಿದ್ದರು, ನಾನು 'ಬಾಯಿ' ಅನ್ನುತ್ತಿದ್ದೆ. ಹೋದ ತಿಂಗಳು ಮುಂಬೈ ಪಕ್ಕದ ಠಾಣೆ ಊರಿನಿಂದ ಅವರ ತಮ್ಮನ ಮಗಳು ಫೋನ್ ಮಾಡಿ, "ಆತ್ಯಾ ಹೋದರು" ಎಂದಾಗ ನಾನು ಅಬುಧಾಬಿಯ ಖಲೀಫಾ ಸಿಟಿಯ ಶಾಲೆಯೊಂದರ ಗೇಟಿನ ಮುಂದೆ ಕಾರಿನಲ್ಲಿ ಮಗಳಿಗಾಗಿ ಕಾಯುತ್ತಿದ್ದೆ. ಆ ಹುಡುಗಿ ಬಹಳ ಹೊತ್ತು ಮಾತಾಡಿದಳು. ಅವಳು ಹೇಳಿದ್ದರಲ್ಲಿ ಒಂದು ಸಂಗತಿ ಅಂದಿನಿಂದ ನನ್ನ ತಲೆಯಲ್ಲೇ ಸುತ್ತುತ್ತಿದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ತೊಂಬತ್ತರ ದಶಕದ ನಡುವೆ, ಮದುವೆಯಾದ ಹೊಸದರಲ್ಲಿ ನಾನು ದುಬೈಗೆ ಬಂದೆ. ನಮ್ಮ ಮನೆಯವರು ಲಿಫ್ಟ್ ಕಂಪನಿಯೊಂದರಲ್ಲಿ ಎಂಜಿನಿಯರ್. ಕರಾಮದಲ್ಲಿ ಎರಡನೇ ಮಹಡಿಯ ಸಣ್ಣ ಫ್ಲಾಟು. ಖಾಸಗಿ ಆಸ್ಪತ್ರೆಯೊಂದರಲ್ಲಿ ನನಗೆ ಫಿಸಿಯೋಥೆರಪಿಯ ಕೆಲಸ ಸಿಕ್ಕಿತು. ಮೊದಲ ದಿನವೇ ಕಾರಿಡಾರಿನಲ್ಲಿ ನಿಂತು ಮನೆಯವರ ಜೊತೆ ಫೋನಿನಲ್ಲಿ ಪಿಸುಗುಡುತ್ತಿದ್ದೆ. ಹಿಂದಿನಿಂದ ಧ್ವನಿ ಬಂತು.

"ಯಾವೂರ ನಿಂದು?"

ತಿರುಗಿ ನೋಡಿದರೆ ಬಿಳಿ ಕೋಟಿನ, ಎತ್ತರದ, ಕತ್ತರಿಸಿದ ನರೆಗೂದಲಿನ ಹೆಂಗಸು. "ಹುಬ್ಬಳ್ಳಿ" ಅಂದೆ.

"ಹುಬ್ಬಳ್ಳಿ ಮಂದಿ ಹಿಂಗ ಮಾತಾಡಂಗಿಲ್ಲ. ಜೋರಾಗಿ ಮಾತಾಡು. ಇಲ್ಲಿ ಯಾರಿಗೂ ತಿಳಿಯಂಗಿಲ್ಲ, ನನ್ನ ಬಿಟ್ಟು."

ನರ್ಸಿಂಗ್ ಕಲಿತದ್ದು ಬೆಳಗಾವಿಯಲ್ಲಂತೆ. ಆ ವರ್ಷಗಳ ಕನ್ನಡ, ನಡುನಡುವೆ ಮರಾಠಿ ಬೆರೆತು, ಅವರ ನಾಲಿಗೆಯ ಮೇಲೆ ಹಾಗೇ ಉಳಿದಿತ್ತು.

ಅವರು ಮನೆ ಬದಲಿಸುತ್ತಲೇ ಇದ್ದರು. ಸತ್ವಾದ ಹಂಚಿಕೊಂಡ ವಿಲ್ಲಾದಲ್ಲಿ ಒಂದು ಕೋಣೆ, ಅಲ್ಲಿಂದ ಕರಾಮ, ಮತ್ತೆ ಸತ್ವಾ. ಪ್ರತಿ ಸಲವೂ ಒಂದು ಕಾರಣ. ಎ.ಸಿ. ಗುಂಯ್ ಅನ್ನುತ್ತದೆ, ಕೆಳಗಿನ ಗ್ಯಾರೇಜಿನವರು ಬೆಳಗಾಗುವ ಮೊದಲೇ ಸುತ್ತಿಗೆ ಹಿಡಿಯುತ್ತಾರೆ. ಒಮ್ಮೆ ಕೇಳಿದಾಗ ಹೇಳಿದ ಕಾರಣವಂತೂ ವಿಚಿತ್ರ: "ಬಾಜೂದವ್ರು ಭಾಳ ಪ್ರೀತಿ ಮಾಡ್ತಾರ. ಪ್ರೀತಿ ಮಾಡೋ ಮಂದಿ ಪ್ರಶ್ನಿ ಕೇಳ್ತಾರ."

ಶುಕ್ರವಾರ ನಮಗೆ ರಜೆ. ಒಂದೆರಡು ಸಲ ಸಂಜೆಯ ಮುಂದೆ ಅವರ ಕೋಣೆಗೆ ಹೋಗಿದ್ದೆ. ಹೊತ್ತು ಮುಳುಗುವ ಮೊದಲು ಪರದೆ ಎಳೆದು, ಎರಡು ಮೇಣದ ಬತ್ತಿ ಹಚ್ಚಿ, ಅಂಗೈಗಳಿಂದ ಕಣ್ಣು ಮುಚ್ಚಿಕೊಂಡು ಕ್ಷಣ ಹೊತ್ತು ನಿಲ್ಲುತ್ತಿದ್ದರು. ಶುಕ್ರವಾರದ ಸಂಜೆಯ ದೀಪವೆಂದರೆ ನನಗೆ ಗೊತ್ತಿದ್ದದ್ದು ಒಂದೇ. "ಲಕ್ಷ್ಮಿಗೇನ್ರೀ ಬಾಯಿ?" ಎಂದು ಕೇಳಿದೆ. ನಕ್ಕರು, ಹೌದು ಅನ್ನಲಿಲ್ಲ, ಅಲ್ಲ ಅನ್ನಲೂ ಇಲ್ಲ. "ಎಣ್ಣಿ ಇಲ್ಲಂತ ಮೇಣ" ಅಂದು ಮಾತು ತೇಲಿಸಿದರು.

ನಾನು ಬಸುರಾದೆ. ತಿಂಗಳು ತುಂಬಿ ಬಂದಿತ್ತು. ಇನ್ನೊಂದು ವಾರ ಕೆಲಸ ಮಾಡಿ ರಜೆ ಹಾಕುವ ವಿಚಾರದಲ್ಲಿದ್ದೆ. ಒಂದು ಮುಂಜಾನೆ ಬಸ್ಸಿನಲ್ಲಿ ಕೂತಾಗ ಹೊಟ್ಟೆಯಲ್ಲಿ ಏನೂ ಅಲುಗುತ್ತಿಲ್ಲ ಅನ್ನಿಸಿತು. ಆಸ್ಪತ್ರೆ ಮುಟ್ಟಿದ ಕೂಡಲೇ ಬಾಯಿಗೆ ಹೇಳಿದೆ. ಅವರು ನನ್ನ ರಟ್ಟೆ ಹಿಡಿದು ಎಳೆದುಕೊಂಡೇ ಹೋದರು. ಡಾಕ್ಟರಮ್ಮ ಸ್ಕ್ಯಾನಿಂಗ್ ಯಂತ್ರದ ಪರದೆಯನ್ನು ನನ್ನಿಂದ ಆ ಕಡೆ ತಿರುಗಿಸಿದರು. ಅಷ್ಟರಲ್ಲೇ ನನಗೆ ತಿಳಿಯಿತು.

ಹೆರಿಗೆ ಆಯಿತು. ಗಂಡು. ನೋಡುವುದು ಬೇಡ ಎಂದರು ಡಾಕ್ಟರಮ್ಮ. ನೋಡಿದರೆ ಮರೆಯಲಿಕ್ಕೆ ಆಗುವುದಿಲ್ಲ ಎಂದು ನರ್ಸುಗಳು ಹೇಳಿದರು. ನಮ್ಮ ಮನೆಯವರು ಗೋಡೆಗೆ ಮುಖ ಮಾಡಿ ನಿಂತಿದ್ದರು. ಆಗ ಬಾಯಿ ಒಳಗೆ ಬಂದರು. ಬಿಳಿ ಬಟ್ಟೆಯಲ್ಲಿ ಸುತ್ತಿದ ಕೂಸು ಅವರ ಕೈಯಲ್ಲಿತ್ತು.

"ತಗೋ. ನಿಂದ."

"ಎಲ್ಲಾರೂ ನೋಡಬ್ಯಾಡ ಅಂತಾರ್ರೀ."

"ನೋಡದ ಉಳದಾಕಿ ನಾ ಅದೀನಿ. ನೀ ನೋಡು."

ನೋಡಿದೆ. ನಮ್ಮ ಮಾವನವರ ಗದ್ದ, ತಲೆತುಂಬ ಕೂದಲು. ಎಷ್ಟು ಹೊತ್ತು ಎತ್ತಿಕೊಂಡಿದ್ದೆನೋ ಗೊತ್ತಿಲ್ಲ. ಯಾರಾದರೂ ಬಾಗಿಲು ತೆಗೆದರೆ ಬಾಯಿ ಬೆನ್ನಿನಿಂದಲೇ ಅದನ್ನು ಒತ್ತಿ ಮುಚ್ಚುತ್ತಿದ್ದರು. ಆಮೇಲೆ ಮನೆಯವರು ಆಸ್ಪತ್ರೆಯ ಗಾಡಿಯಲ್ಲಿ ಕೂಸನ್ನು ತೆಗೆದುಕೊಂಡು ಹೋಗಿ, ಊರ ಹೊರಗೆ ಬೇರೆ ಧರ್ಮದವರಿಗೆ ಬಿಟ್ಟ ಜಾಗದಲ್ಲಿ ಮಣ್ಣು ಮಾಡಿ ಬಂದರು. ಮಣ್ಣೇನು, ಮರಳು.

ಮರುದಿನ ನಮ್ಮ ಕನ್ನಡದವರೇ ಒಬ್ಬ ಹಿರಿಯ ಹೆಂಗಸು ನೋಡಲು ಬಂದರು. ಹಣ್ಣಿನ ಚೀಲ ಇಟ್ಟು, ನನ್ನ ತಲೆ ಸವರಿ, "ದೇವರು ಏನು ಮಾಡಿದ್ರೂ ಒಳ್ಳೇದಕ್ಕೇ ಮಾಡ್ತಾನಮ್ಮ" ಅಂದರು. ಬಾಯಿ ಅಲ್ಲೇ ಸಲೈನ್ ಬಾಟಲಿ ಬದಲಿಸುತ್ತಿದ್ದರು.

"ವಿಸಿಟಿಂಗ್ ಟೈಮ್ ಖಲಾಸ್."

"ಇನ್ನೂ ಗಂಟೆ ಇದೆಯಲ್ಲ ಸಿಸ್ಟರ್?"

"ನನ್ನ ವಾರ್ಡಿನ್ಯಾಗ ಖಲಾಸ್. ಯಲ್ಲಾ, ನಡೀರಿ."

ಆ ಹೆಂಗಸು ಹೋದ ಮೇಲೆ ಬಾಯಿ ಮತ್ತೆ ಸಲೈನ್ ಬಾಟಲಿಗೆ ಕೈ ಹಾಕಿದರು. "ಒಳ್ಳೇದಕ್ಕ ಅಂತ! ಅಂಥಾ ದೇವರ ಇದ್ರ ನಾ ಅವನ ಮಾರಿ ನೋಡಂಗಿಲ್ಲ," ಎಂದು ಬಾಟಲಿಗೇ ಹೇಳಿದರು.

ತಿರುಗಿ ಕೆಲಸಕ್ಕೆ ಸೇರಿದ ಮೇಲೆ ಒಂದು ಶುಕ್ರವಾರ ಮಧ್ಯಾಹ್ನ ಅವರೇ ಕರೆದರು. ಸತ್ವಾದ ಕೋಣೆ. ಕಿಟಕಿ ಮುಚ್ಚಿ, ರೇಡಿಯೋ ಸ್ವಲ್ಪ ಜೋರು ಮಾಡಿ, ನಿಂತುಕೊಂಡೇ ಹೇಳಿದರು: ಚಿಕ್ಕ ವಯಸ್ಸಿನಲ್ಲಿ ಮದುವೆಯಾಗಿತ್ತು. ಒಂದು ಹೆಣ್ಣುಮಗು ಹುಟ್ಟಿ ವಾರ ತುಂಬುವ ಮೊದಲೇ ಹೋಯಿತು. ಅವರು ಜ್ವರದಲ್ಲಿ ಮೈಮರೆತು ಮಲಗಿದ್ದಾಗ ಮನೆಯ ಹಿರಿಯರು ಕೂಸನ್ನು ಒಯ್ದರು. ಎದ್ದ ಮೇಲೆ ಅತ್ತರೆ, ಅಳಬೇಡ ಅಂದರು. "ನಮ್ಮಲ್ಲಿ ಕೂಸು ಹುಟ್ಟಿ ತಿಂಗಳು ತುಂಬದ ಹೋದ್ರ ಅದಕ್ಕ ಸೂತಕ ಇಲ್ಲ, ಶೋಕ ಇಲ್ಲ, ಪ್ರಾರ್ಥನಾ ಇಲ್ಲ. ಹುಟ್ಟೇ ಇಲ್ಲ ಅನ್ನೂ ಲೆಕ್ಕ."

"ನಮ್ಮಲ್ಲಿ ಅಂದ್ರ?"

ಬಾಗಿಲ ಕಡೆ ಒಮ್ಮೆ ನೋಡಿದರು. "ನಾವು ಯಹೂದಿಗಳು. ಕೊಂಕಣದ ಯಹೂದಿಗಳು."

ನನಗೆ ಹೊಳೆಯಲೇ ಇಲ್ಲ. ಯಹೂದಿಗಳೆಂದರೆ ಬೈಬಲ್ಲಿನವರು, ಇಲ್ಲವೆ ಟೀವಿಯ ಸುದ್ದಿಯವರು. ಎದುರಿಗೆ ನಿಂತು ಬೆಳಗಾವಿ ಕನ್ನಡದಲ್ಲಿ ಬೈಯುವವರು ಹೇಗಾದಾರು? ಅವರೇ ಬಿಡಿಸಿ ಹೇಳಿದರು. ಹಡಗು ಒಡೆದು ಕೊಂಕಣದ ದಂಡೆಗೆ ಬಿದ್ದವರ ಮಕ್ಕಳು ತಾವು ಎಂದು ಅವರ ಹಿರಿಯರ ಕಥೆ. ಹಳ್ಳಿಗಳಲ್ಲಿ ಗಾಣ ನಡೆಸುತ್ತಿದ್ದರು. ಶನಿವಾರ ಮಾತ್ರ ಗಾಣಕ್ಕೆ ಎತ್ತು ಕಟ್ಟುತ್ತಿರಲಿಲ್ಲ. ಹಾಗಾಗಿ ಊರವರು ಶನಿವಾರದ ಗಾಣಿಗರು ಎಂದು ಕರೆದರು. ಇಷ್ಟೇ. ಯಾರೂ ಹೊಡೆಯಲಿಲ್ಲ, ಓಡಿಸಲಿಲ್ಲ. "ಇಲ್ಲೂ ಯಾರೂ ಏನೂ ಅಂದಿಲ್ಲ. ಆದರ ಯಾರೂ ಕೇಳಿಲ್ಲ, ಅದಕ್ಕ ಅಂದಿಲ್ಲ," ಅಂದರು. ಮನೆ ಬದಲಿಸುವ ಕಾರಣ ಆಗ ನನಗೆ ತಿಳಿಯಿತು.

ಆವತ್ತಿನಿಂದ ದೇವರ ಮಾತು ಶುರುವಾಯಿತು. ಪ್ಯಾಂಟ್ರಿಯಲ್ಲಿ, ಲಿಫ್ಟಿನಲ್ಲಿ, ಬಸ್‌ಸ್ಟಾಪಿನಲ್ಲಿ. ನಾನೋ ಬೆಳ್ಳಿಯ ಕರಡಿಗೆಯನ್ನು ಲಿಂಗದ ಸಮೇತ ಕಪಾಟಿನಲ್ಲಿಟ್ಟು ಬೀಗ ಹಾಕಿದವಳು. ಮಾತು ಬೇಡವಾಗಿತ್ತು. ಅವರು ಬಿಡಲಿಲ್ಲ.

ಅವರ ಅಜ್ಜಿಯ ದೇವರು ಮನೆಗೆ ಬರುವ ದೇವರು. ಅವಲಕ್ಕಿ, ಬೆಲ್ಲ, ಕಾಯಿತುರಿ ಕಲಸಿ ತಟ್ಟೆಯಲ್ಲಿಟ್ಟರೆ ಅವನ ಕಡೆಯಿಂದ ಪ್ರವಾದಿಯೊಬ್ಬ ಬೆಂಕಿಯ ರಥದಲ್ಲಿ ಹೊಸ್ತಿಲ ತನಕ ಬಂದು ಹೋಗುತ್ತಿದ್ದನಂತೆ. "ಮಲೀದಾ ಅಂತೀವಿ."

"ನಮ್ಮ ಮಾದಲಿ ಇದ್ದಂಗ?"

"ನಿಮ್ಮ ಮಾದಲಿ ತಿನ್ನಾಕ ಯಾರೂ ರಥದಾಗ ಬರಂಗಿಲ್ಲ."

ಅಪ್ಪ ಮುಂಬೈಯಲ್ಲಿ ಮೇಷ್ಟ್ರು. ಅವರು ಹೋಗುತ್ತಿದ್ದದ್ದು ಸುಧಾರಕರ ಪ್ರಾರ್ಥನಾ ಮಂದಿರಕ್ಕೆ. ಅಲ್ಲಿ ಗಂಡಸರು ಹೆಂಗಸರು ಒಟ್ಟಿಗೆ ಕೂರುತ್ತಿದ್ದರು, ಪ್ರವಚನ ಇಂಗ್ಲಿಷಿನಲ್ಲಿ. ರಥ, ಪವಾಡ ಎಲ್ಲ ಹಳೆಯ ಕಾಲದ ಕಥೆ, ದೇವರೆಂದರೆ ನ್ಯಾಯ, ಸರಿಯಾದ ನಡತೆ ಎಂದು ಅಪ್ಪ ಹೇಳುತ್ತಿದ್ದರು. "ನಮ್ಮಪ್ಪನ ದೇವರು ಹೈಸ್ಕೂಲ್ ಹೆಡ್‌ಮಾಸ್ತರ್ ಇದ್ದಂಗ. ಭಾಳ ಚೊಲೊ ಮನಷ್ಯಾ. ಕೂಸು ಸತ್ತ ದಿನ ಅವನ ಹತ್ರ ಏನ ಕೇಳ್ಲಿ? ಟೈಮ್‌ಟೇಬಲ್?"

ಬಾಯಿಯ ದೇವರು ಮಾತ್ರ ತಿಂಗಳಿಗೊಂದು ರೂಪ. ರಜೆಗೆ ಮುಂಬೈಗೆ ಹೋದಾಗಲೆಲ್ಲ ಪುಸ್ತಕ ತರುತ್ತಿದ್ದರು, ಶಾಲೆಯ ಪುಸ್ತಕದ ಹಾಗೆ ಕಂದು ಕಾಗದದ ಹೊದಿಕೆ ಹಾಕಿ. ಓದಿದ್ದನ್ನು ನನ್ನ ಮೇಲೆ ಪ್ರಯೋಗ ಮಾಡುತ್ತಿದ್ದರು. ಮೊದಲು ಬಂದದ್ದು ಶಕ್ತಿ ಸಾಲದ ದೇವರು. ಅವನು ಒಳ್ಳೆಯವನೇ, ಆದರೆ ಎಲ್ಲವೂ ಅವನ ಕೈಯಲ್ಲಿಲ್ಲ. ನಿನ್ನ ಕೂಸನ್ನು ಅವನು ಒಯ್ಯಲಿಲ್ಲ, ಉಳಿಸಲು ಅವನಿಂದ ಆಗಲಿಲ್ಲ, ಅಷ್ಟೇ. ಆ ಮಾತಿನಿಂದ ನನಗೆ ಮೊದಲ ಸಲ ಸ್ವಲ್ಪ ನಿದ್ದೆ ಬಂತು. ಸುಳ್ಳು ಹೇಳಲಾರೆ. ಆದರೆ ಕೇಳಿದೆ: "ಶಕ್ತಿ ಇಲ್ಲದವ್ಗ ದೀಪ ಯಾಕ ಹಚ್ಚೂದ್ರೀ?"

"ನಿಮ್ಮವ್ವಗ ಏನ ಶಕ್ತಿ ಐತಿ? ಆಕಿಗೆ ಫೋನ್ ಮಾಡಂಗಿಲ್ಲೇನು ನೀ?"

ಮುಂದಿನ ತಿಂಗಳು ಅವರೇ ಆ ದೇವರನ್ನು ಕೆಲಸದಿಂದ ತೆಗೆದರು. "ಹ್ವಾದ ತಿಂಗಳು ಹೇಳಿದ್ದು ಬರೋಬರ್ ಇಲ್ಲ. ಅವ ರಿಟೈರ್ ಆದ ಡಾಕ್ಟರ್ ಇದ್ದಂಗ. ಕಾಟ್ ಬಾಜೂಕ ಕೂತು ಅಳ್ತಾನ. ಅಳಾಕ ನನಗ ಬ್ಯಾರೆ ಮಂದಿ ಅದಾರ."

ನನಗೆ ಸಿಟ್ಟು ಬಂತು. ಆ ದೇವರನ್ನು ನಾನು ಇನ್ನೂ ಇಟ್ಟುಕೊಂಡಿದ್ದೆ.

ಆಮೇಲೆ ಬಂದವನು ಇಬ್ಬರ ನಡುವೆ ಇರುವ ದೇವರು. ಅವನು ಮೇಲೆಯೂ ಇಲ್ಲ, ಒಳಗೂ ಇಲ್ಲ. ಒಬ್ಬ ಮನುಷ್ಯ ಇನ್ನೊಬ್ಬನನ್ನು ಪೂರ್ತಿ ನೋಡಿದಾಗ ಆ ನಡುವಿನ ಜಾಗದಲ್ಲಿ ಇರುತ್ತಾನೆ. ಆ ದಿನಗಳಲ್ಲಿ ಗ್ಯಾರೇಜಿನಲ್ಲಿ ಮೈಮೇಲೆ ಕಾರು ಬಿದ್ದು ಬೆನ್ನುಮೂಳೆ ಮುರಿದ ಒಬ್ಬ ಪಠಾಣ ವಾರ್ಡಿನಲ್ಲಿದ್ದ. ಯಾರ ಮಾತೂ ಅವನಿಗೆ ತಿಳಿಯದು, ಅವನ ಮಾತು ನಮಗೆ ತಿಳಿಯದು. ನಾನು ವ್ಯಾಯಾಮ ಮಾಡಿಸಲು ಬಾಗಿಲು ತೆಗೆದಾಗ ಬಾಯಿ ಅವನ ಕೈ ಹಿಡಿದು ನಿಂತಿದ್ದರು. ಅವನು ತನ್ನ ಭಾಷೆಯಲ್ಲಿ ಏನೋ ಹೇಳುತ್ತಿದ್ದ, ಇವರು ಮರಾಠಿಯಲ್ಲಿ ಉತ್ತರ ಕೊಡುತ್ತಿದ್ದರು. ನನ್ನನ್ನು ಕಂಡದ್ದೇ ಕೈ ಬಿಟ್ಟು ಹೊರಗೆ ಬಂದು, "ಇಲ್ಲೇ ಇದ್ದ. ನೀ ಬಾಗಲಾ ತಗದಿ, ಹ್ವಾದ" ಅಂದರು. ನಗುತ್ತಿದ್ದಾರೆ ಅಂದುಕೊಂಡೆ. ನಗುತ್ತಿರಲಿಲ್ಲ.

ಆ ನಡುವಿನ ದೇವರೂ ಬಹಳ ದಿನ ಬಾಳಲಿಲ್ಲ. ಯುರೋಪಿನಲ್ಲಿ ತಮ್ಮ ಧರ್ಮದವರನ್ನು ಮಕ್ಕಳುಮರಿ ಎನ್ನದೆ ಕೊಂದ ಕಾಲದ ಬಗ್ಗೆ ಒಂದು ಪುಸ್ತಕ ಓದಿ ಬಂದಿದ್ದರು. ಆ ವಾರವೆಲ್ಲ ವಾರ್ಡಿನಲ್ಲಿ ಸುಂಟರಗಾಳಿಯ ಹಾಗೆ ಓಡಾಡಿದರು. "ಆ ದಿನ ಅವ ಮಾರಿ ಮುಚ್ಚಿಕೊಂಡಿದ್ದ ಅಂತ ಬರದಾರ. ಮುಚ್ಚಿಕೊಂಡ್ರ ಏನಾತು, ಕಿವಿ ಇದ್ದಿಲ್ಲೇನು? ಕೊಂಕಣದಾಗ ನಮಗ ಯಾರೂ ಏನೂ ಮಾಡಲಿಲ್ಲ. ಆದ್ರ ಆ ಮಂದಿಗೆ ಮಾರಿ ಮುಚ್ಚಿದವನ ನನ್ನ ಅಜ್ಜಿ ಮನಿಗೆ ಮಲೀದಾ ತಿನ್ನಾಕ ಬರ್ತಿದ್ದ. ಇದನ್ನ ಹೆಂಗ ನುಂಗ್ಲಿ?"

ನನಗೆ ಸಾಕಾಗಿತ್ತು. "ನಿಮಗ ಒಂದ ದೇವರನ್ನ ಗಟ್ಟಿ ಇಟ್ಕೊಳ್ಳಾಕ ಬರಂಗಿಲ್ಲೇನ್ರೀ?" ಎಂದು ರೇಗಿದೆ.

"ಒಬ್ಬನ ಅದಾನ, ಅದ ತ್ರಾಸು! ಬಾಕಿ ಮಂದಿಗೆ ಒಬ್ಬ ಕೈ ಕೊಟ್ರ ಇನ್ನೊಬ್ಬ. ನಮಗ ಅವನ ಜೋಡಿನ ಜಗಳ, ಅವನ ಜೋಡಿನ ಸಂಸಾರ. ತವರಮನಿಗೆ ಹೋಗ್ತೀನಿ ಅಂದ್ರ ಅದೂ ಅವನ ಮನಿ."

"ನಾವು ಲಿಂಗಾಯತರು. ನಮಗೂ ಒಬ್ಬನ."

ಅವರು ಕಪ್ಪನ್ನು ಕಿಟಕಿಯ ಮೇಲಿಟ್ಟು ನನ್ನನ್ನೇ ನೋಡಿದರು. "ಮತ್ತ ನೀ ಯಾಕ ಜಗಳಾ ಮಾಡಂಗಿಲ್ಲ? ಮಾತು ಬಿಟ್ಟು ಕೂತೀಯಲ್ಲ, ಅದು ಸಂಸಾರ ಮುರಿಯೂ ಹೆಂಗಸರ ರೀತಿ. ಬೈ ಅವನ್ನ. ಬೈದ್ರ ಇನ್ನೂ ಸಂಬಂಧ ಐತಿ ಅಂತ ಅರ್ಥ."

ಆ ದಿನ ಮನೆಗೆ ಹೋಗಿ ಕಪಾಟಿನ ಬೀಗ ತೆಗೆದೆ. ಲಿಂಗವನ್ನು ಅಂಗೈಯಲ್ಲಿ ಹಿಡಿದು, ಪೂಜೆಯಲ್ಲ, ಬಾಯಿಗೆ ಬಂದದ್ದು ಅಂದೆ. ಅಡುಗೆಮನೆಯಿಂದ ಮನೆಯವರು ಕೇಳಿಸಿಕೊಂಡಿರಬೇಕು. ಆ ಒಂದು ವರ್ಷದಲ್ಲಿ ಅವರು ಕೂಸಿನ ಬಗ್ಗೆ ಒಂದು ಮಾತೂ ಆಡಿರಲಿಲ್ಲ. ನಾನು ಎತ್ತಿದರೆ, "ಆದದ್ದು ಆತು" ಎಂದು ಕಾರಿನ ಕೀಲಿ ತೆಗೆದುಕೊಂಡು ಹೊರಗೆ ಹೋಗುತ್ತಿದ್ದರು.

ಕೂಸು ಹೋಗಿ ವರ್ಷ ತುಂಬುತ್ತಾ ಬಂತು. ಬಾಯಿ ಒಂದು ದಿನ ಪ್ಯಾಂಟ್ರಿಯ ಬಾಗಿಲು ಮುಚ್ಚಿ ಹೇಳಿದರು: ಸತ್ತವರಿಗಾಗಿ ತಮ್ಮಲ್ಲಿ ಒಂದು ಪ್ರಾರ್ಥನೆ ಇದೆ. ಅದನ್ನು ಒಬ್ಬರೇ ಹೇಳುವಂತಿಲ್ಲ. ಹತ್ತು ಜನ ಬೇಕು, ಅವರು 'ಆಮೆನ್' ಅನ್ನಬೇಕು. ಅದನ್ನು ನನ್ನ ಕೂಸಿಗೂ, ಮೂವತ್ತು ವರ್ಷದಿಂದ ಬಾಕಿ ಇರುವ ತಮ್ಮ ಕೂಸಿಗೂ ಹೇಳುತ್ತೇನೆ.

"ಹತ್ತು ಮಂದಿ ಯಹೂದಿಗಳು ಎಲ್ಲಿ ಸಿಗ್ತಾರ್ರೀ ಇಲ್ಲಿ?"

"ಸಿಗಂಗಿಲ್ಲ. ಶಾಸ್ತ್ರದಾಗ ಹತ್ತು ಗಂಡಸರು ಅಂತ ಐತಿ. ನಾ ಒಬ್ಬಾಕಿನ, ಅದೂ ಹೆಂಗಸು. ಇಂಥಾ ಕೂಸಿಗೆ ಹೇಳೂದಂತೂ ಇಲ್ಲೇ ಇಲ್ಲ. ಎಲ್ಲಾ ತಪ್ಪು. ಹೇಳ್ತೀನಿ."

"ಎಲ್ಲಾರಿಗೂ ಗೊತ್ತಾಕ್ಕೇತಿ."

"ಹೂಂ," ಅಂದರು. ಬಾಗಿಲು ತೆಗೆದು ಕಾರಿಡಾರಿನಲ್ಲಿ ಒಮ್ಮೆ ಇಣುಕಿದರು.

ಮನೆಯಲ್ಲಿ ಹೇಳಿದೆ. ನಮ್ಮ ಮನೆಯವರು ಕೆಂಪಾದರು. "ತಲಿ ಕೆಟ್ಟೇತೇನು ನಿಮಗ? ಆಕಿ ವೀಸಾ ಕ್ಯಾನ್ಸಲ್ ಆದ್ರ ಆಕಿ ಮುಂಬೈಗೆ ಹೊಕ್ಕಾಳ, ನಾವೆಲ್ಲಿ ಹೋಗೂದು? ಮತ್ತ ಸತ್ತ ಕೂಸಿನ ಮುಂದಿಟ್ಕೊಂಡು ಮಂದಿ ಕೂಡಸೂದ್ಯಾಕ?" ನಾನು ಬಿಡಲಿಲ್ಲ. ನಮ್ಮ ಫ್ಲಾಟಿನಲ್ಲೇ, ಶುಕ್ರವಾರ ಮಧ್ಯಾಹ್ನ ಎಂದು ಹೇಳಿಬಿಟ್ಟೆ.

ಆ ಶುಕ್ರವಾರ ಊಟವಾದ ಕೂಡಲೇ ಅವರು ಕಾರು ತೆಗೆದುಕೊಂಡು ಹೋದರು. ಮೂರು ಗಂಟೆಗೆ ಒಬ್ಬೊಬ್ಬರೇ ಬಂದರು. ಹೆರಿಗೆ ಕೋಣೆಯಲ್ಲಿ ಅವತ್ತಿದ್ದ ಮಂಗಳೂರಿನ ಕ್ಯಾಥೊಲಿಕ್ ನರ್ಸ್ ಲವೀನಾ, ಆಕೆಯ ಜೊತೆ ಇನ್ನೂ ನಾಲ್ವರು ನರ್ಸುಗಳು. ಕೂಸನ್ನು ಒಯ್ದ ಗಾಡಿ ಓಡಿಸಿದ ಉಳ್ಳಾಲದ ಹಮೀದ್. ಕೊನೆಗೆ, ನಾನು ನಿರೀಕ್ಷೆಯನ್ನೇ ಮಾಡದ ಒಬ್ಬರು: ಮಕ್ಕಳ ವಿಭಾಗದ ಹಿರಿಯ ಇರಾಕಿ ಡಾಕ್ಟರ್. ಅವರನ್ನು ಕರೆದದ್ದು ಬಾಯಿ. "ಆ ದಿನ ಕೂಸಿನ ಎದಿಗೆ ಕಿವಿ ಇಟ್ಟವ ಆತ. ಸಾಕ್ಷಿ ಬೇಕು," ಎಂದು ನನ್ನ ಕಿವಿಯಲ್ಲಿ ಹೇಳಿದರು. ಮುಖ ಬಿಳಿಚಿಕೊಂಡಿತ್ತು.

ಬಾಯಿ ಎಲ್ಲರನ್ನೂ ನಿಲ್ಲಿಸಿ ಎಣಿಸಿದರು. ಮನುಷ್ಯರನ್ನು ಎಣಿಸಬಾರದು ಎಂದು ಅವರಲ್ಲಿ ನಂಬಿಕೆಯಂತೆ. ಅದಕ್ಕೇ ಒಬ್ಬೊಬ್ಬರ ಮುಂದೆ ನಿಂತು, "ಒಂದಲ್ಲ, ಎರಡಲ್ಲ, ಮೂರಲ್ಲ" ಎನ್ನುತ್ತಾ ಬಂದರು. ಕೊನೆಗೆ ತಮ್ಮ ಎದೆ ಮುಟ್ಟಿಕೊಂಡು, "ಒಂಬತ್ತಲ್ಲ" ಅಂದು ನಿಂತರು.

ಕಾದೆವು. ಅವರು ಸೋಫಾದಿಂದ ಬಾಲ್ಕನಿಗೆ, ಬಾಲ್ಕನಿಯಿಂದ ಬಾಗಿಲಿಗೆ ಓಡಾಡಿದರು. ಲವೀನಾ ತಡೆಯಲಾರದೆ ಕೇಳಿದಳು: "ಎಂಥ ಮಾಡುವುದು ಮೇಟ್ರನ್? ನಮಗೆ ಆರು ಗಂಟೆಗೆ ಡ್ಯೂಟಿ ಉಂಟು. ನೀವೇ ಹೇಳಿದ್ದಲ್ಲವಾ, ಇದು ಹೇಗೂ ಲೆಕ್ಕಕ್ಕಿಲ್ಲ ಅಂತ?"

"ಲೆಕ್ಕಕ್ಕಿಲ್ಲದ್ದನ್ನಾದ್ರೂ ಸರಿಯಾಗಿ ಮಾಡೂಣು," ಅಂದರು ಬಾಯಿ.

ಹಮೀದ್, "ಕೆಳಗೆ ಅಂಗಡಿಯಿಂದ ಯಾರನ್ನಾದರೂ ಕರೀಲಿಕ್ಕಾ?" ಎಂದು ಎದ್ದ. ಅಷ್ಟರಲ್ಲಿ ಕೀಲಿಯ ಸದ್ದಾಯಿತು. ನಮ್ಮ ಮನೆಯವರು ಒಳಗೆ ಬಂದರು. ಪ್ಯಾಂಟು ಮೊಣಕಾಲಿನ ತನಕ ಧೂಳು, ಶೂಸಿನ ತುಂಬ ಮರಳು. ಹಮೀದ್ ಅವರ ಶೂಸನ್ನು ನೋಡಿದ. ಕೂಡಲೇ ಕಣ್ಣು ಬೇರೆ ಕಡೆ ತಿರುಗಿಸಿದ.

"ಎಲ್ಲಿ ಹೋಗಿದ್ರಿ?" ಎಂದೆ.

"ಅಲ್ಲೇ," ಅಂದರು. ಕೀಲಿಯನ್ನು ಮೇಜಿನ ಮೇಲಿಟ್ಟು, "ಪ್ರತಿ ಶುಕ್ರವಾರ ಹೋಗ್ತೀನಿ. ಗಾಳಿಗೆ ಗುರುತಿನ ಕಲ್ಲು ಮುಚ್ಚಿಹೊಕ್ಕಾವ. ಮರಳು ತಗದು ಬರ್ತೀನಿ."

ವರ್ಷದುದ್ದಕ್ಕೂ ಶುಕ್ರವಾರ ಅವರು ಗೆಳೆಯರ ಜೊತೆ ಇಸ್ಪೀಟಿಗೆ ಹೋಗುತ್ತಾರೆ ಎಂದು ನಾನು ತಿಳಿದಿದ್ದೆ.

ಬಾಯಿ ಅವರ ಮುಂದೆ ಹೋಗಿ ನಿಂತರು. "ಹತ್ತಲ್ಲ," ಅಂದರು.

ಆಮೇಲೆ ಶುರು ಮಾಡಿದರು. ಹಳೆಯ, ಗಂಟಲಿನಿಂದ ಬರುವ ಭಾಷೆ. ಮೊದಲ ಸಾಲು ನಡುಗುತ್ತಾ ಬಂತು. ನಾಲ್ಕಾರು ಮಾತಾದ ಮೇಲೆ ಧ್ವನಿ ಗಟ್ಟಿಯಾಯಿತು. ನಿಲ್ಲಿಸಿದಲ್ಲೆಲ್ಲ 'ಆಮೆನ್' ಅನ್ನಿ ಎಂದು ಕೈಸನ್ನೆ ಮಾಡುತ್ತಿದ್ದರು. ಲವೀನಾಗೂ ಇತರ ನರ್ಸುಗಳಿಗೂ ಅದು ದಿನದ ಮಾತು. ಹಮೀದ್ ತನ್ನ ರೀತಿಯಲ್ಲಿ 'ಆಮೀನ್' ಅಂದ. ಆ ಮಾತು ಬಾರದೆ ತಡವರಿಸಿದವರು ನಾವಿಬ್ಬರೇ, ಕೂಸಿನ ತಂದೆತಾಯಿ. ಮೂರನೇ ಸಲಕ್ಕೆ ನಮಗೂ ಬಂತು. ಇರಾಕಿ ಡಾಕ್ಟರು ಮೊದಲ ಮಾತಿಗೇ ತಲೆ ಎತ್ತಿ ಬಾಯಿಯನ್ನು ನೋಡಿದ್ದರು, ಆಮೇಲೆ ತಗ್ಗಿಸಿದ ತಲೆ ಕೊನೆಯವರೆಗೂ ಎತ್ತಲಿಲ್ಲ.

ಮುಗಿದ ಮೇಲೆ ನಾನು ಕೇಳಿದೆ. "ಏನಂತ ಹೇಳಿದ್ರಿ? ನನ್ನ ಕೂಸಿಗೆ ಏನಂದ್ರಿ?"

"ಕೂಸಿನ ಮಾತ ಇಲ್ಲ ಅದರಾಗ. ಸಾವಿನ ಮಾತೂ ಇಲ್ಲ. ಅವನ ಹೆಸರು ದೊಡ್ಡದಾಗ್ಲಿ, ಪವಿತ್ರ ಆಗ್ಲಿ. ಅಷ್ಟ."

ನನ್ನ ಮೈ ಉರಿಯಿತು. "ಕೂಸು ಹ್ವಾದ ಮನ್ಯಾಗ ನಿಂತು ಅವನ್ನ ಹೊಗಳೂದಾ?"

"ನನಗೂ ಹಂಗ ಅನ್ನಸ್ತಿತ್ತು," ಅಂದರು ಬಾಯಿ. "ಈಗ ಹೇಳೂವಾಗ ತಿಳೀತು. ದೊಡ್ಡದು ಇದ್ದದ್ದನ್ನ ದೊಡ್ಡದಾಗ್ಲಿ ಅಂತ ಯಾರ ಬೇಡ್ತಾರ? ಸಣ್ಣದು ಆಗೇತಿ, ಅದಕ್ಕ ಬೇಡೂದು. ನಿನ್ನ ಕೂಸು ಹೋಗಿ ಅವ ಅಷ್ಟು ಸಣ್ಣ ಆದ. ನನ್ನದು ಹೋಗಿ ಇನ್ನಷ್ಟು."

ನಮ್ಮ ಮನೆಯವರು ಆಗ ಅತ್ತರು. ಎಲ್ಲರ ಮುಂದೆ, ಶೂಸು ಬಿಚ್ಚದೆ, ನೆಲದ ಮೇಲೆ ಕುಳಿತು. ಹಮೀದ್ ಅವರ ಪಕ್ಕದಲ್ಲಿ ಹೋಗಿ ಕೂತ.

ಡಾಕ್ಟರು ಹೊರಡುವಾಗ ಬಾಗಿಲಲ್ಲಿ ನಿಂತು ಬಾಯಿಗೆ ಇಂಗ್ಲಿಷಿನಲ್ಲಿ ಮೆಲ್ಲಗೆ ಹೇಳಿದರು: ಬಾಗ್ದಾದಿನಲ್ಲಿ ನಾನು ಹುಡುಗನಾಗಿದ್ದಾಗ ಪಕ್ಕದ ಮನೆಯ ಅಜ್ಜ ಸತ್ತ ದಿನ ಇದನ್ನು ಕೇಳಿದ್ದೆ. ಆಮೇಲೆ ಆ ಮನೆಯವರೆಲ್ಲ ಊರು ಬಿಟ್ಟು ಹೋದರು. ಮತ್ತೆ ಕೇಳುತ್ತೇನೆ ಅಂದುಕೊಂಡಿರಲಿಲ್ಲ. ಇಷ್ಟು ಹೇಳಿ ಲಿಫ್ಟಿಗೂ ಕಾಯದೆ ಮೆಟ್ಟಿಲಿಳಿದು ಹೋದರು.

ಅವರಿಂದ ಆ ಮಾತು ಯಾರಿಗೂ ಹೋಗಲಿಲ್ಲ. ಹತ್ತು ಜನರಲ್ಲಿ ಒಬ್ಬರಿಂದಲೂ ಹೋಗಲಿಲ್ಲ. ಆದರೆ ಬಾಯಿಗೆ ಅದನ್ನು ನಂಬಲು ಆಗಲಿಲ್ಲ. ವಾರಗಟ್ಟಲೆ ಆಫೀಸಿನಿಂದ ಕರೆ ಬಂದರೆ ಬೆಚ್ಚುತ್ತಿದ್ದರು. ಮತ್ತೊಮ್ಮೆ ಮನೆ ಬದಲಿಸಿದರು. ಸಮಾಧಾನವಾಯಿತೇ ಎಂದು ಕೇಳಿದರೆ, "ಸಮಾಧಾನಕ್ಕ ಯಾರ ಮಾಡಿದ್ರು?" ಎಂದು ತಿರುಗಿ ಕೇಳಿದರು. ಅವನು ಸಣ್ಣವನಾದ ಎಂದು ತಾವೇ ಹೇಳಿದ ಮಾತಿನ ಮೇಲೂ ಅನುಮಾನ ಬಂದಿತ್ತು.

ಎರಡು ಸಾವಿರದ ಇಸವಿ ಕಳೆದ ಸ್ವಲ್ಪ ಕಾಲಕ್ಕೆ ಅವರು ನಿವೃತ್ತರಾದರು. ಅಷ್ಟರಲ್ಲಿ ನನಗೆ ಮಗಳು ಹುಟ್ಟಿದ್ದಳು. ಹೆರಿಗೆಯ ದಿನ ಬಾಯಿ ಹಗಲಿಡೀ ನನ್ನ ಮಂಚದ ಸುತ್ತ ಸುತ್ತಿ ಡಾಕ್ಟರಮ್ಮನಿಂದ ಬೈಸಿಕೊಂಡರು. ನಿವೃತ್ತಿಯ ನಂತರ ಅವರಿಗೆ ಇಸ್ರೇಲಿನಲ್ಲಿದ್ದ ಅಕ್ಕನ ಮನೆಗೆ ಹೋಗಿ ನೆಲೆಸುವ ವಿಚಾರ ಇತ್ತು. ಮುಂಬೈ ಮುಟ್ಟಿ ಅಲ್ಲಿಂದ ಹೋದರು ಕೂಡ. ಆರು ತಿಂಗಳಿಗೇ ಠಾಣೆಗೆ ತಿರುಗಿ ಬಂದರು. ಫೋನಿನಲ್ಲಿ ಕೇಳಿದೆ, ಯಾಕೆ ಬಂದಿರಿ ಎಂದು.

"ಅಕ್ಕನ ಓಣ್ಯಾಗ ಎಲ್ಲಾರಿಗೂ ಅವ ಯಾರಂತ ಗೊತ್ತೈತಿ. ಎಲ್ಲಿ ಇರ್ತಾನ, ಏನ ಉಣ್ತಾನ, ಯಾರ ಮ್ಯಾಲ ಸಿಟ್ಟು. ಅಲ್ಲಿ ನನಗ ಏನ ಕೆಲಸ?"

ಠಾಣೆಯಲ್ಲಿ ತಮ್ಮನ ಮಗಳ ಜೊತೆ ಇದ್ದರು. ನಾವು ಅಬುಧಾಬಿಗೆ ಬಂದೆವು. ರಜೆಗೆ ಹೋಗುವಾಗ ಒಮ್ಮೆ ಮುಂಬೈಯಲ್ಲಿ ಇಳಿದು ನೋಡಿ ಬಂದೆ. ಮಗಳು ಇಂಗ್ಲಿಷಿನಲ್ಲಿ ಮಾತಾಡಿದರೆ, ಕನ್ನಡದಲ್ಲಿ ಹೇಳುವ ತನಕ ಬಾಯಿ ಚಾಕಲೇಟು ಕೊಡಲಿಲ್ಲ. ಹೃದಯ ದುರ್ಬಲವಾಗಿತ್ತು. ನಡೆಯಬಾರದು ಎಂದು ಡಾಕ್ಟರು ಹೇಳಿದ್ದರು, ನಡೆಯುತ್ತಿದ್ದರು.

ಇನ್ನು ಆ ಹುಡುಗಿ ಫೋನಿನಲ್ಲಿ ಹೇಳಿದ್ದು. ಕೊನೆಯ ದಿನ ಆಸ್ಪತ್ರೆಯಲ್ಲಿ, ಮಂದಿರದಲ್ಲಿ ಪ್ರಾರ್ಥನೆ ನಡೆಸುವ ಹಿರಿಯರೊಬ್ಬರನ್ನು ಅವಳು ಕರೆಸಿದ್ದಳಂತೆ. ಸಾಯುವ ಮೊದಲು ತಪ್ಪೊಪ್ಪಿ ಕ್ಷಮೆ ಕೇಳುವ ಪದ್ಧತಿ ಅವರಲ್ಲೂ ಇದೆ. ಹಿರಿಯರು ಹೇಳಿಕೊಡುತ್ತಾರೆ, ರೋಗಿ ತಿರುಗಿ ಹೇಳಬೇಕು. ಆ ಹಿರಿಯರು ಶಾಸ್ತ್ರ ಬಿಟ್ಟು ಒಂದು ಅಕ್ಷರ ಆಚೀಚೆ ಹೋಗದವರು. ಹುಡುಗಿ ಪರದೆಯ ಹೊರಗೆ ನಿಂತಿದ್ದಳು.

ಬಾಯಿ ತಮ್ಮ ತಪ್ಪುಗಳನ್ನೆಲ್ಲ ಹೇಳಿದರಂತೆ, ಹಿರಿಯರು ಹೇಳಿಕೊಟ್ಟದ್ದಕ್ಕಿಂತ ಹೆಚ್ಚೇ. ಆಮೇಲೆ ನಿಲ್ಲಿಸಿ ಮರಾಠಿಯಲ್ಲಿ ಕೇಳಿದರಂತೆ: "ನನ್ನ ಕಡೆಯದು ಆಯಿತು. ಅವನ ಕಡೆಯದು ಯಾರು ಹೇಳುತ್ತಾರೆ?"

ಹಿರಿಯರಿಗೆ ಅರ್ಥವಾಗಲಿಲ್ಲ. ಬಾಯಿ ಬಿಡಿಸಿ ಹೇಳಿದರು: ನಾನು ಕ್ಷಮೆ ಕೇಳಿದೆ. ಅವನಿಗೂ ನನ್ನ ಹತ್ತಿರ ಕೇಳುವುದು ಇದೆ. ಅವನ ಪರವಾಗಿ ಮಾತಾಡುವವರು ನೀವೇ ಅಲ್ಲವೇ?

ಹಿರಿಯರು ಎದ್ದರು. ಇಂಥ ಮಾತು ತಮ್ಮ ಜನ್ಮದಲ್ಲಿ ಕೇಳಿಲ್ಲ ಎಂದು ಪುಸ್ತಕ ಮುಚ್ಚಿ ಪರದೆ ಸರಿಸಿ ಹೊರಗೆ ಬಂದರು. ಕಾರಿಡಾರಿನ ತುದಿಯ ತನಕ ಹೋದರು. ಅಲ್ಲಿ ಕಿಟಕಿಯ ಹತ್ತಿರ ಬಹಳ ಹೊತ್ತು ನಿಂತುಬಿಟ್ಟರು. ಹುಡುಗಿ ಅವರಿಗೆ ನೀರು ಕೊಡಲು ಹೋದರೆ ಬೇಡ ಎಂದು ಕೈ ಆಡಿಸಿದರು. ಆಮೇಲೆ ತಿರುಗಿ ಬಂದು, ಟೋಪಿ ಸರಿಮಾಡಿಕೊಂಡು, ಪರದೆಯ ಒಳಗೆ ಹೋದರು. ಪುಸ್ತಕ ತೆಗೆಯಲಿಲ್ಲ. ಅಂಥ ಮಾತು ಯಾವ ಪುಸ್ತಕದಲ್ಲೂ ಇರಲಿಕ್ಕಿಲ್ಲ. ಹುಡುಗಿಗೆ ಪೂರ್ತಿ ಕೇಳಿಸಲಿಲ್ಲ. ಮುದುಕರ ಧ್ವನಿ ಒಡೆಯುತ್ತಿತ್ತು. ಕೂಸಿನ ಮಾತು ಬಂತು, ಅಷ್ಟು ವರ್ಷದ ಮಾತು ಬಂತು, ಕೊನೆಗೆ 'ಮಾಫ್ ಕರ' ಎಂಬುದು ಸ್ಪಷ್ಟವಾಗಿ ಕೇಳಿಸಿತು. ಕ್ಷಮಿಸು, ಎಂದು. ಎರಡು ಸಲ.

ಮರುದಿನ ಬೆಳಗಾಗುವಷ್ಟರಲ್ಲಿ ಬಾಯಿ ಹೋಗಿದ್ದರು.

ಶಾಲೆಯ ಗೇಟು ತೆರೆದಿತ್ತು, ಮಕ್ಕಳು ಹೊರಗೆ ಬರುತ್ತಿದ್ದರು. ನಾನು ಫೋನನ್ನು ಕಿವಿಗೆ ಒತ್ತಿ ಹಿಡಿದು ಕೇಳಿದೆ: "ಅದಕ್ಕ ಬಾಯಿ ಏನಂದ್ರು? ಕ್ಷಮಾ ಮಾಡಿದ್ರಾ?"

"ಇಲ್ಲ," ಅಂದಳು ಹುಡುಗಿ. "'ವಿಚಾರ ಮಾಡಿ ಹೇಳ್ತೀನಿ' ಅಂದರು."